ಪೆಟ್ಟು ತಿನ್ನದ ಮುದ್ರೆ

ಹನ್ನೊಂದನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದವರು ವೃತ್ತಿ ಪರವಾನಗಿ ಮಂಡಳಿಯ ರಿಜಿಸ್ಟ್ರಾರ್. ಕಂಕುಳಲ್ಲಿ ಒಂದು ಕಡತ, ಮುಖವೇ ಇನ್ನೊಂದು ಕಡತ. ಕೂರುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದರು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು, ಆಮೇಲಷ್ಟೇ ಬಾಯಿ ಬಿಟ್ಟರು.

"ಫೋರ್ಜರಿ. ಒಂದಲ್ಲ, ಎರಡು."

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಅವರದು ಮಾತು ಕಮ್ಮಿ. ಆ ಕೊರತೆಯನ್ನು ಬಡ್ಡಿ ಸಮೇತ ತುಂಬಿಕೊಡುತ್ತಿದ್ದವನು ಹೆಡ್ ಕಾನ್‌ಸ್ಟೆಬಲ್. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹತ್ತು ನಿಮಿಷದಲ್ಲಿ ಮರುಪ್ರಸಾರ ಮಾಡುತ್ತಿದ್ದುದರಿಂದ ಅವನಿಗೆ ರೇಡಿಯೋ ಎಂದೇ ಹೆಸರು. ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಈಗ ಅವನು ಬಾಗಿಲ ಪಕ್ಕ ನಿಂತು ರಿಜಿಸ್ಟ್ರಾರರ ಗಂಟಲನ್ನೇ ಗಮನಿಸುತ್ತಿದ್ದ.

"ಆರೋಪಿ ಯಾರು?"

"ಜನರಲ್ ಆಸ್ಪತ್ರೆಯ ತರಬೇತಿ ಸೋಷಿಯಲ್ ವರ್ಕರ್. ಪೂರ್ಣ ಪರವಾನಗಿಗೆ ಅರ್ಜಿ ಹಾಕಿದ್ದಾರೆ."

"ಅಂದ್ರೆ ಡಾಕ್ಟರಾ?"

"ಅಲ್ಲ."

"ನರ್ಸಾ?"

"ಅಲ್ಲ. ಡಾಕ್ಟರು ಕಾಯಿಲೆ ನೋಡ್ತಾರೆ, ನರ್ಸು ರೋಗಿಯನ್ನ ನೋಡ್ಕೋತಾರೆ. ಇವರು ಆ ರೋಗಿ ವಾಪಸ್ ಹೋಗೋ ಮನೆ ನೋಡ್ತಾರೆ. ಮನೇಲಿ ಯಾರಿದ್ದಾರೆ, ಮನಸ್ಸಲ್ಲಿ ಏನಿದೆ, ಎರಡೂ." ಹೇಳಿದ ಮೇಲೆ ತಾವೇ ಸಂಕೋಚಪಟ್ಟವರಂತೆ, "ನಿಯಮಾವಳಿ, ಪುಟ ಮೂರು," ಎಂದು ಸೇರಿಸಿದರು.

ಪುಟ ನಾಲ್ಕರಿಂದ ಹನ್ನೊಂದರವರೆಗೂ ಅವರಿಗೆ ಬಾಯಿಪಾಠ. ಸ್ನಾತಕೋತ್ತರ ಪದವಿ ಮುಗಿಸಬೇಕು. ತರಬೇತಿ ಪರವಾನಗಿ ಪಡೆಯಬೇಕು. ಪೂರ್ಣ ಪರವಾನಗಿಯುಳ್ಳ ಮಾರ್ಗದರ್ಶಕರ ಕೈಕೆಳಗೆ ಮೂರು ಸಾವಿರ ಗಂಟೆ ಕೆಲಸ ಮಾಡಬೇಕು; ವಾರಕ್ಕೆ ಮೂವತ್ತು ಗಂಟೆಗಿಂತ ಹೆಚ್ಚು ದುಡಿದರೂ ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಇಬ್ಬರೂ ಎದುರುಬದುರು ಕೂತು ಕೇಸುಗಳನ್ನು ಚರ್ಚಿಸಬೇಕು, ಮಾರ್ಗದರ್ಶಕರು ದಿನಚರಿ ಪುಸ್ತಕದಲ್ಲಿ ಸಹಿ ಹಾಕಬೇಕು. ನೂರು ವಾರ, ನೂರು ಸಹಿ. ಅದಾದ ಮೇಲೆ ಪರೀಕ್ಷೆ. ಪಾಸಾದವರಿಗೆ ಪೂರ್ಣ ಪರವಾನಗಿ. ಅದಕ್ಕೂ ಎರಡು ವರ್ಷಕ್ಕೊಮ್ಮೆ ನವೀಕರಣ; ನವೀಕರಣಕ್ಕೆ ಮೂವತ್ತು ಗಂಟೆಯ ತರಗತಿ ಹಾಜರಾತಿ ಮತ್ತು ವೈದ್ಯರ ಪತ್ರ.

"ಇಷ್ಟರಲ್ಲಿ ಫೋರ್ಜರಿ ಯಾವುದು?"

ರಿಜಿಸ್ಟ್ರಾರ್ ದಿನಚರಿ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಮೊದಲ ಐವತ್ತೆರಡು ವಾರದ ಸಹಿಗಳು ಮಲ್ಲಿಗೆ ಮಾಲೆಯ ಹಾಗೆ ನೇರ. ಐವತ್ತಮೂರರಿಂದ ಸಹಿ ಸೊಟ್ಟ, ಕುಡಿದು ಮನೆಗೆ ಹೋಗುವವನ ದಾರಿಯ ಹಾಗೆ. "ಇದು ಮೊದಲನೇದು. ಎರಡನೇದು, ಈ ಮಾರ್ಗದರ್ಶಕಿಯ ಪರವಾನಗಿ ಎಪ್ಪತ್ತೊಂದನೇ ವಾರಕ್ಕೆ ಮುಗಿದಿದೆ. ನಮ್ಮ ವಹಿಯಲ್ಲಿ ನವೀಕರಣ ಇಲ್ಲ. ಆದರೆ ಅರ್ಜಿ ಜೊತೆ ನವೀಕರಣದ ಸರ್ಟಿಫಿಕೇಟಿನ ನಕಲು ಇದೆ. ಎಲ್ಲಿಂದ ಬಂತು?"

"ಅರ್ಜಿ ಯಾವಾಗ ತೀರ್ಮಾನ ಆಗುತ್ತೆ?"

"ಶುಕ್ರವಾರ, ಮಂಡಳಿ ಸಭೇಲಿ. ಆರೋಪಿ ಅಂತ ಅವರ ಹೆಸರು ನಿಂತರೆ ಅರ್ಜಿ ವಜಾ. ಜೀವನಪರ್ಯಂತ ಈ ವೃತ್ತಿ ಮಾಡೋ ಹಾಗಿಲ್ಲ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ಸಂಖ್ಯೆ 87 ದಾಖಲಾಯಿತು. ರಿಜಿಸ್ಟ್ರಾರರ ಬೆನ್ನು ಗೇಟು ದಾಟುತ್ತಿದ್ದಂತೆ ರೇಡಿಯೋ ಅದೇ ಕುರ್ಚಿಯನ್ನು ಇಲ್ಲದ ಕರವಸ್ತ್ರದಿಂದ ಒರೆಸಿ ಕೂತ.

"ನಿಯಮಾವಳಿ, ಪುಟ ಹನ್ನೆರಡು," ಎಂದ, ರಿಜಿಸ್ಟ್ರಾರರದೇ ಗಂಟಲಿನಲ್ಲಿ. "ಸೀನು ಬಂದರೆ ಮೂರು ಪ್ರತಿಗಳಲ್ಲಿ ಸೀನತಕ್ಕದ್ದು. ಸರ್, ಮುದ್ರೆ ಸರಿ ಇಲ್ದಿದ್ರೆ ಇವರಿಗೆ ನಿದ್ರೆ ಇಲ್ಲ."

ಇನ್‌ಸ್ಪೆಕ್ಟರು ನಗು ಬರದಿರಲಿ ಎಂದು ಟೋಪಿ ಹುಡುಕಿದರು. "ಜೀಪ್ ತೆಗಿ."

*

ಆಸ್ಪತ್ರೆಯಲ್ಲಿ ಆಕೆಯನ್ನು ಹುಡುಕಲು ಹೆಸರು ಹೇಳಿದರೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಲಿಫ್ಟಿನವನು, "ಓ, ಕೇಳಮ್ಮನಾ?" ಎಂದ. "ನಾವು ಹೇಳೋದನ್ನ ಕೇಳ್ತಾರೆ, ಹೇಳದೇ ಇರೋದನ್ನೂ ಕೇಳ್ತಾರೆ. ಅದಕ್ಕೇ ಕೇಳಮ್ಮ. ಮೂರನೇ ಮಹಡಿ, ಗಾಲಿಕುರ್ಚಿ ನಿಲ್ಲಿಸೋ ಜಾಗದ ಹಿಂದಿನ ರೂಮು."

ರೂಮು ಅನ್ನುವುದು ಉಪಚಾರದ ಮಾತು. ಒಂದು ಮೇಜು, ಎರಡು ಕುರ್ಚಿ, ಒಂದು ಕಾಗದದ ಕರವಸ್ತ್ರದ ಡಬ್ಬಿ. ಬಾಗಿಲು ಪೂರ್ತಿ ತೆರೆದರೆ ಮೇಜಿಗೆ ಬಡಿಯುತ್ತಿತ್ತು. ಆಕೆ ಅಲ್ಲಿರಲಿಲ್ಲ. ವಾರ್ಡಿನಲ್ಲಿ, ಒಂದು ಕಾಲು ಕಳೆದುಕೊಂಡ ಬಡಗಿಯ ಮಂಚದ ಬಳಿ ಇದ್ದಳು. ಮೂವತ್ತರ ಆಸುಪಾಸು, ಕೊರಳಲ್ಲಿ ಗುರುತಿನ ಚೀಟಿ, ಕಿವಿಯ ಮೇಲೊಂದು ಪೆನ್ಸಿಲು. ಖಾಕಿ ಕಂಡರೂ ಆಕೆ ಏಳಲಿಲ್ಲ.

"ಐದು ನಿಮಿಷ ಸರ್," ಎಂದು ಬಡಗಿಯ ಕಡೆಗೇ ತಿರುಗಿದಳು. "ಡಾಕ್ಟರು ಮೂರು ಸಲ ಡಿಸ್ಚಾರ್ಜ್ ಬರೆದ್ರು. ನೀವು ಮೂರು ಸಲವೂ ಹೊಟ್ಟೆನೋವು ಅಂದ್ರಿ."

"ನೋವಿತ್ತು."

"ಆಮೇಲೆ?"

ಬಡಗಿ ಗೋಡೆ ನೋಡಿದ. ಆಕೆ ಇನ್ನೇನೂ ಕೇಳಲಿಲ್ಲ. ಇನ್‌ಸ್ಪೆಕ್ಟರಿಗೆ ಆ ಮೌನ ಉದ್ದವೆನ್ನಿಸಿತು. ತಾವಾಗಿದ್ದರೆ ಅಷ್ಟರಲ್ಲಿ ನಾಲ್ಕು ಪ್ರಶ್ನೆ ಎಸೆದಿರುತ್ತಿದ್ದರು.

"ಮಂಚ ಇರೋದು ಮಹಡೀಲಿ," ಎಂದ ಬಡಗಿ ಕೊನೆಗೆ. "ಹನ್ನೊಂದು ಮೆಟ್ಟಿಲು. ಮಗ ಹೊತ್ಕೊಂಡು ಹೋಗ್ತೀನಿ ಅಂತಾನೆ. ನಾನು ಹೆಗಲ ಮೇಲೆ ಕೂರಿಸ್ಕೊಂಡು ಬೆಳೆಸಿದೋನು ಅವನು. ಅವನು ನನ್ನ ಹೊರೋದಾ ತಾಯಿ?"

"ಮಂಚ ಮಾಡಿದ್ದು ಯಾರು?"

"ನಾನೇ."

"ಹಾಗಾದ್ರೆ ಬಿಚ್ಚಿ ಕೆಳಗೆ ಜೋಡಿಸೋದು ಹೇಗೆ ಅಂತ ಮಗನಿಗೆ ನೀವೇ ಹೇಳಿಕೊಡಿ. ಅವನು ಮಂಚ ಹೊರಲಿ. ನಿಮ್ಮನ್ನ ಬೇಡ."

ಬಡಗಿ ತಲೆ ಎತ್ತಿದ. "ಅವನಿಗೆ ಸ್ಕ್ರೂ ಯಾವ ಕಡೆ ತಿರುಗುತ್ತೆ ಅಂತಾನೂ ಗೊತ್ತಿಲ್ಲ," ಎಂದ. ಆ ಬೈಗುಳದಲ್ಲಿ ಮನೆಗೆ ಹೋಗುವ ಅವಸರ ಆಗಲೇ ಸೇರಿಕೊಂಡಿತ್ತು.

ಹನ್ನೆರಡೂ ಮುಕ್ಕಾಲಿಗೆ, ಬಾಗಿಲು ಮೇಜಿಗೆ ಬಡಿಯುವ ರೂಮಿನಲ್ಲಿ ವಿಚಾರಣೆ.

"ಈ ಸಹಿ ಯಾರದು?"

"ದೊಡ್ಡ ಮೇಡಂದು. ನನ್ನ ಮಾರ್ಗದರ್ಶಕಿ. ಇದೇ ರೂಮಲ್ಲಿ ಇಪ್ಪತ್ತೆಂಟು ವರ್ಷ ಕೂತೋರು."

"ನೂರೂ?"

"ನೂರೂ."

"ಐವತ್ತಮೂರರಿಂದ ಯಾಕೆ ಬೇರೆ?"

"ಕೈ ಬೇರೆ ಸರ್. ಅವರಿಗೆ ಪಾರ್ಶ್ವವಾಯು ಹೊಡೀತು, ಬಲಗೈ ಬಿದ್ದುಹೋಯ್ತು. ಎಡಗೈಲಿ ಹಾಕ್ತಾರೆ. ಮಾತೂ ಹೋಗಿದೆ. ಅರ್ಥ ಎಲ್ಲಾ ಆಗುತ್ತೆ, ಬಾಯಿಗೆ ಬರಲ್ಲ. ಪ್ರತಿ ಗುರುವಾರ ನಾಲ್ಕಕ್ಕೆ ಅವರ ಮನೆಗೆ ಹೋಗ್ತೀನಿ. ಅದಕ್ಕೆ ಆಸ್ಪತ್ರೆಯ ಅನುಮತಿ ಪತ್ರ ಇದೆ."

"ಮಾತು ಬರದವರು ಮಾರ್ಗದರ್ಶನ ಹೇಗೆ ಮಾಡ್ತಾರೆ?"

"ಮಾರ್ಗದರ್ಶನ ಅಂದ್ರೆ ಮಾತಾಡೋದು ಅಂತ ಯಾರು ಹೇಳಿದ್ರು ಸರ್?"

ರೇಡಿಯೋ ಕೆಮ್ಮಿದ. ಮಾತಿನ ಮೇಲೇ ಬದುಕಿದ್ದವನಿಗೆ ಅದು ಸ್ವಲ್ಪ ಚುಚ್ಚಿತು.

"ಗುರುವಾರ ಏನು ಚರ್ಚೆ ಮಾಡ್ತೀರಿ?"

"ಕೇಸುಗಳು. ಯಾರದು ಅಂತ ಹೇಳೋ ಹಾಗಿಲ್ಲ."

"ಪೊಲೀಸಿಗೂ?"

"ಪೊಲೀಸಿಗೂ, ನಮ್ಮಮ್ಮನಿಗೂ."

"ನವೀಕರಣದ ಸರ್ಟಿಫಿಕೇಟು?"

"ಅವರ ಮನೆ ಗೋಡೇಲಿದೆ, ಕಟ್ಟು ಹಾಕಿ. ಯಜಮಾನರು ಇಳಿಸಿಕೊಟ್ರು, ನಾನು ನಕಲು ಮಾಡಿಸ್ಕೊಂಡೆ." ಅಲ್ಲಿಯವರೆಗೆ ನೆಟ್ಟಗಿದ್ದ ಆಕೆಯ ದನಿ ಒಮ್ಮೆ ಜಾರಿತು. "ಶುಕ್ರವಾರಕ್ಕೆ ಮುಂಚೆ ಆಗುತ್ತಾ ಸರ್? ನಂಗೆ ಬೇರೆ ಕೆಲಸ ಬರಲ್ಲ."

ಇಬ್ಬರು ನರ್ಸ್‌ಗಳ ಸಮಕ್ಷಮ ಆಕೆಯಿಂದ ದೊಡ್ಡ ಮೇಡಂ ಸಹಿಯನ್ನು ಎಡಗೈಯಲ್ಲಿ ಹತ್ತು ಸಲ, ಬಲಗೈಯಲ್ಲಿ ಹತ್ತು ಸಲ ಬರೆಸಿಕೊಂಡರು. ಜೀಪಿನಲ್ಲಿ ರೇಡಿಯೋ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಸರ್, ಈಯಮ್ಮ ಫೋರ್ಜರಿ ಮಾಡೋಕೆ ಹೋದ್ರೆ ಮೊದಲನೇ ವಾರವೇ ಸಿಕ್ಕಿಬೀಳ್ತಿದ್ರು. ಇದು ಸಹಿ ಅಲ್ಲ, ಕಹಿ."

*

ಹನ್ನೆರಡನೇ ತಾರೀಕು, ಮಂಗಳವಾರ, ಸಂಜೆ ನಾಲ್ಕೂವರೆ. ದೊಡ್ಡ ಮೇಡಂ ಮನೆಯ ಬಾಗಿಲು ತೆಗೆದವರು ಅವರ ಗಂಡ. ಎಪ್ಪತ್ತೊಂದು ವರ್ಷ, ತೆಳ್ಳನೆ ಆಳು, ಎರಡು ಕನ್ನಡಕ: ಒಂದು ಕಣ್ಣಿಗೆ, ಒಂದು ಹಣೆಗೆ. ಇಡೀ ಬೀದಿ ಅವರನ್ನು ಯಜಮಾನರು ಎಂದೇ ಕರೆಯುತ್ತಿತ್ತು. ಮನೆಯಲ್ಲಿ ಯಜಮಾನಿಕೆ ಯಾರದೆಂದು ಬೀದಿಗೆ ಗೊತ್ತಿದ್ದುದರಿಂದಲೇ ಆ ಹೆಸರು ಅಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು.

ಒಳಗೆ ಕಾಲಿಟ್ಟ ಇನ್‌ಸ್ಪೆಕ್ಟರಿಗೆ ಮೊದಲು ಕಂಡದ್ದು ಹಿತ್ತಾಳೆ. ಹೆಬ್ಬೆರಳಗಲದ ಹಿತ್ತಾಳೆ ತಗಡುಗಳು ಮನೆಯ ಪ್ರತಿಯೊಂದಕ್ಕೂ ಅಂಟಿಕೊಂಡಿದ್ದವು. ಒಂದೊಂದರಲ್ಲೂ ಮುತ್ತಿನಂಥ ಕೆತ್ತನೆಯ ಒಂದೊಂದು ಪದ. ಕಿಟಕಿಗೆ 'ಕಿಟಕಿ'. ಕುರ್ಚಿಗೆ 'ಕುರ್ಚಿ'. ಲೋಟಕ್ಕೆ 'ಲೋಟ'.

"ಮಾತು ಮರಳಿ ಬರೋಕೆ ಕಣ್ಣಿಗೆ ಬೀಳ್ತಾ ಇರಬೇಕು ಅಂದ್ರು ಡಾಕ್ಟರು," ಎಂದರು ಯಜಮಾನರು. "ಕಾಗದದಲ್ಲಿ ಬರೆದ್ರೆ ಒಂದು ತಿಂಗಳಲ್ಲಿ ಮಾಸುತ್ತೆ."

ದೊಡ್ಡ ಮೇಡಂ ಕಿಟಕಿಯ ಪಕ್ಕ ಕೂತಿದ್ದರು. ಬಲಗೈ ಮಡಿಲಲ್ಲಿ ಮಲಗಿತ್ತು, ಕಣ್ಣುಗಳು ಮಾತ್ರ ಪೂರ್ತಿ ಎಚ್ಚರ. ಇನ್‌ಸ್ಪೆಕ್ಟರು ಬಂದ ಕಾರಣವನ್ನು ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದರು.

"ಆಮೇಲೆ?" ಎಂದರು ದೊಡ್ಡ ಮೇಡಂ.

ಸ್ಪಷ್ಟವಾದ, ತುಂಬಿದ ದನಿ. ಇನ್‌ಸ್ಪೆಕ್ಟರು ತಮಗೆ ಗೊತ್ತಿಲ್ಲದಂತೆಯೇ ಇನ್ನೂ ನಾಲ್ಕು ವಾಕ್ಯ ಹೇಳಿದ್ದರು. ಕೇಳಮ್ಮ ಆ ಮಾತನ್ನು ಎಲ್ಲಿಂದ ಕಲಿತಳೆಂದು ಆಗ ಹೊಳೆಯಿತು.

ಬಿಗುವು ಸಡಿಲಿಸಲೆಂದು ರೇಡಿಯೋ ರಿಜಿಸ್ಟ್ರಾರರನ್ನು ಪ್ರಸಾರ ಮಾಡಿದ. ಕುರ್ಚಿ ಒರೆಸಿದ, ಕರವಸ್ತ್ರ ಮಡಿಸಿದ, ಸೀನಿದ. ದೊಡ್ಡ ಮೇಡಂ ಅರ್ಧ ಮುಖದಿಂದಲೇ ಇಡೀ ನಗು ನಕ್ಕರು.

"ಪೆದ್ದ!"

ರೇಡಿಯೋ ಪೆಚ್ಚಾದ.

"ಬೇಜಾರು ಮಾಡ್ಕೋಬೇಡಿ," ಎಂದರು ಯಜಮಾನರು. "ಎರಡೇ ಮಾತು ಉಳಿದಿರೋದು. ಒಂದು ಆಮೇಲೆ. ಅದು ಅವಳ ಕೆಲಸದ್ದು. ಇನ್ನೊಂದು ನನ್ನದು. ನಲವತ್ನಾಲ್ಕು ವರ್ಷದಿಂದ ನನ್ನ ಹೆಸರು ಅದೇ. ಇವತ್ತು ನಿಮಗೂ ಪಾಲು ಸಿಕ್ತು."

ಪಕ್ಕದ ಮನೆಯ ದರ್ಜಿ, ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಪಂಚ ಸಾಕ್ಷಿಗಳಾಗಿ ಬಂದರು. ಅವರ ಎದುರು ದೊಡ್ಡ ಮೇಡಂ ಎಡಗೈಯಲ್ಲಿ ಐದು ಸಹಿ ಹಾಕಿದರು. ಅವೇ ಸೊಟ್ಟ ಗೀಟುಗಳು, ಕೊನೆಯಲ್ಲಿ ಅದೇ ಮೇಲ್ಮುಖದ ಕೊಕ್ಕೆ. ಮೊದಲನೇ ಫೋರ್ಜರಿ ಅಲ್ಲಿಗೇ ಮುಗಿಯಿತು: ಐವತ್ತಮೂರರಿಂದ ನೂರರವರೆಗಿನ ಸಹಿಗಳು ಅಸಲಿ.

ಉಳಿದದ್ದು ಗೋಡೆಯ ಮೇಲೆ ಕಟ್ಟು ಹಾಕಿಟ್ಟ ಸರ್ಟಿಫಿಕೇಟು. ಯಜಮಾನರು ಅದನ್ನು ಇಳಿಸಿ, ಗಾಜು ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು.

"ಇದು ಮನೆಗೆ ಹೇಗೆ ಬಂತು?"

"ಅಂಚೆಯಲ್ಲಿ."

ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಇನ್‌ಸ್ಪೆಕ್ಟರು ಅದನ್ನೂ ಪಂಚನಾಮೆಯ ಹೊರಗೆ, ಮನಸ್ಸಿನಲ್ಲಿ, ಬರೆದುಕೊಂಡರು. ಐದೂ ಕಾಲಿಗೆ ಜಪ್ತಿ ಮುಗಿಯಿತು.

*

ಹದಿಮೂರನೇ ತಾರೀಕು, ಬುಧವಾರ, ಬೆಳಿಗ್ಗೆ ಹನ್ನೊಂದು. ಮಂಡಳಿಯ ಕಚೇರಿ. ರಿಜಿಸ್ಟ್ರಾರ್ ಜಪ್ತಿಯಾದ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ಕಾಗದ ಸರಿ ಇದೆ, ಅಕ್ಷರ ಸರಿ ಇದೆ, ತಮ್ಮ ಸಹಿಯಂತೂ ತಮಗಿಂತ ಚೆನ್ನಾಗಿದೆ ಎಂದು ದುಃಖದಿಂದ ಒಪ್ಪಿಕೊಂಡರು.

"ಮುದ್ರೆ?"

ಮುದ್ರೆ ಶಾಯಿಯದಲ್ಲ, ಹಿತ್ತಾಳೆ ಅಚ್ಚಿನಲ್ಲಿ ಕಾಗದವನ್ನು ಒತ್ತಿ ಎಬ್ಬಿಸುವ ಉಬ್ಬು ಮುದ್ರೆ. ಬರಿಗಣ್ಣಿಗೆ ಅದೂ ಸರಿಯಾಗಿಯೇ ಇತ್ತು. ಆಗ ರೇಡಿಯೋ ಎರಡು ತೆಳು ಹಾಳೆ ಕೇಳಿ ಪಡೆದ. ಒಂದನ್ನು ಕಳೆದ ತಿಂಗಳ ಅಸಲಿ ಸರ್ಟಿಫಿಕೇಟಿನ ಮೇಲೆ, ಒಂದನ್ನು ನಕಲಿಯ ಮೇಲೆ ಇಟ್ಟು, ಶಾಲೆಯಲ್ಲಿ ಪಾಠದ ಹೊತ್ತಿಗೆ ನಾಣ್ಯದ ಮೇಲೆ ಉಜ್ಜುತ್ತಿದ್ದ ಹಾಗೆ, ಪೆನ್ಸಿಲು ಮಲಗಿಸಿ ಉಜ್ಜಿದ. ಎರಡು ಚಕ್ರಗಳು ಎದ್ದವು.

ಅಸಲಿಯ ಅಂಚಿನಲ್ಲಿ, ಕೆಳಗಡೆ, ಅಕ್ಕಿ ಕಾಳಿನಷ್ಟು ಜಾಗ ಮುಕ್ಕಾಗಿತ್ತು. ನಕಲಿಯ ಅಂಚು ಹುಣ್ಣಿಮೆ ಚಂದ್ರನಂತೆ ಪೂರ್ತಿ.

"ಸರಿಯಾಗಿ ನೋಡಿ ಹೇಳು," ಎಂದರು ಇನ್‌ಸ್ಪೆಕ್ಟರು. "ಮುಕ್ಕಾಗಿರೋದು ಯಾವುದು?"

"ಅಸಲಿ ಸರ್. ನಕಲೀಗೆ ಏನೂ ಕುಂದಿಲ್ಲ. ಕಲಿಗಾಲ."

ಹಳೆಯ ಕಡತಗಳನ್ನು ತೆಗೆಸಿದರು. ಆರು ವರ್ಷಕ್ಕಿಂತ ಹಿಂದಿನ ಮುದ್ರೆಗಳೆಲ್ಲ ಪೂರ್ತಿ. ಆರು ವರ್ಷದಿಂದೀಚಿನವೆಲ್ಲ ಮುಕ್ಕು. ಮುದ್ರೆ ಒತ್ತುವ ಕೆಲಸ ಕಚೇರಿಯ ಜವಾನನದು. ಅವನನ್ನು ಕರೆಸಿದರು.

"ಆರು ವರ್ಷದ ಹಿಂದೆ ಮುದ್ರೆಗೆ ಏನಾಯ್ತು?"

"ಏನೂ ಆಗಿಲ್ಲ ಸಾರ್."

ಇನ್‌ಸ್ಪೆಕ್ಟರು ಎಂದಿನ ಪ್ರಶ್ನೆಗಳನ್ನು ನಾಲಗೆ ತುದಿಯವರೆಗೆ ತಂದು ನುಂಗಿದರು.

"ಆಮೇಲೆ?"

ಜವಾನ ಕಾಲು ಬದಲಿಸಿದ. ಫ್ಯಾನು ಕಿರುಗುಟ್ಟಿತು.

"ಕೈ ಜಾರ್ತು ಸಾರ್," ಎಂದ ಜವಾನ. "ಮೆಟ್ಟಿಲ ಮೇಲೆ ಬಿತ್ತು. ಅಂಚಿಗೆ ಪೆಟ್ಟಾಯ್ತು. ಯಾರಿಗೂ ಕಾಣ್ಸಲ್ಲ ಅಂತ ಸುಮ್ಮನಾದೆ."

ಆರು ವರ್ಷ ತಮ್ಮ ಕಣ್ಣೆದುರೇ ಮುಕ್ಕು ಮುದ್ರೆ ಒತ್ತಿಸಿಕೊಂಡ ರಿಜಿಸ್ಟ್ರಾರ್ ಕರವಸ್ತ್ರಕ್ಕೆ ಕೈ ಹಾಕಿದರು. ಜೀಪಿನ ತನಕ ತಡೆದುಕೊಂಡ ರೇಡಿಯೋ, "ಸರ್, ನೀವು 'ಆಮೇಲೆ' ಅಂದ್ರಲ್ಲ, ಥೇಟ್ ದೊಡ್ಡ ಮೇಡಂ. ನನ್ನ ಹೊಟ್ಟೆಗೆ ಹೊಡೀಬೇಡಿ," ಎಂದು ಗೋಗರೆಯುವುದಿತ್ತು. ಅದು ಹನ್ನೆರಡೂವರೆಯ ಮಾತು. ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಬಾಕಿ ಇತ್ತು.

"ಮಂಡಳಿಗೆ ಈ ಮುದ್ರೆ ಮೊದಲು ಮಾಡಿಕೊಟ್ಟವರು ಯಾರು?"

ದಾಸ್ತಾನು ವಹಿ ಇಪ್ಪತ್ತಾರು ವರ್ಷ ಹಿಂದಕ್ಕೆ ಹೋಯಿತು. 'ಹಿತ್ತಾಳೆ ಉಬ್ಬು ಮುದ್ರೆ, ಒಂದು. ಕೆತ್ತಿದವರು:' ಎಂಬಲ್ಲಿ ಒಂದು ಹೆಸರು, ಅಂಗಡಿಯ ವಿಳಾಸ, ಪಕ್ಕದಲ್ಲಿ ಕೊಟ್ಟವರ ರುಜು. ವಿಳಾಸ ನೋಡುವ ಅಗತ್ಯವೇ ಇರಲಿಲ್ಲ. ಮುತ್ತಿನಂಥ ಆ ಅಕ್ಷರವನ್ನು ಇನ್‌ಸ್ಪೆಕ್ಟರು ಹಿಂದಿನ ದಿನ ಲೋಟದ ಮೇಲೆ ಓದಿದ್ದರು.

*

ಹದಿನಾಲ್ಕನೇ ತಾರೀಕು, ಗುರುವಾರ, ಮಧ್ಯಾಹ್ನ ಮೂರು ಗಂಟೆ ಮೂವತ್ತೈದು ನಿಮಿಷ.

ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ಮೇಲಿನ ಗುಂಡಿ ಹಾಕುವುದು ಮರೆತಿದ್ದರು. ಹಿಂದಿನ ಕೋಣೆಯಲ್ಲಿ ಅವರ ಹಳೆಯ ಕೆಲಸದ ಮೇಜು. ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಆಗಲೇ ಸಿದ್ಧವಾಗಿತ್ತು. ಪಂಚರಾಗಿ ಮತ್ತೆ ಬಂದಿದ್ದ ದರ್ಜಿ ಮತ್ತು ಪೋಸ್ಟ್‌ಮ್ಯಾನ್ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಬಿಚ್ಚಿ," ಎಂದರು ಇನ್‌ಸ್ಪೆಕ್ಟರು.

ಹಿತ್ತಾಳೆಯ ಅಚ್ಚು. ಪಳಪಳ.

"ಯಾವಾಗ ಮಾಡಿದ್ದು?"

"ಒಂಬತ್ತು ತಿಂಗಳ ಹಿಂದೆ ಅನ್ಸುತ್ತೆ. ಹಳೇ ನಕ್ಷೆ ಇತ್ತು. ಹನ್ನೆರಡು ದಿನ ಹಿಡೀತು. ಮುಂಚೆ ಆಗಿದ್ರೆ ನಾಲ್ಕು ದಿನ."

"ಆಮೇಲೆ?"

"ಅವಳ ಹಳೇ ಸರ್ಟಿಫಿಕೇಟು ಅಂಗಡೀಲಿ ದಪ್ಪ ಕಾಗದಕ್ಕೆ ಬಣ್ಣದ ನಕಲು ತೆಗೆಸಿದೆ. ತಾರೀಕು ತಿದ್ದಿದೆ. ಸಹಿ ಹಾಕಿದೆ. ಮುದ್ರೆ ಒತ್ತಿದೆ."

"ನಿಮ್ಮ ಮನೆಯವರಿಗೆ?"

"ಅಂಚೆಯಲ್ಲಿ ಬಂತು ಅಂದೆ. ನಂಬಿದಳು. ಆ ಹುಡುಗೀನೂ ನಂಬಿದಳು. ಅವರಿಬ್ಬರಿಗೂ ಏನೂ ಗೊತ್ತಿಲ್ಲ ಸರ್, ಅದನ್ನ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ."

"ಅಸಲಿ ಮುದ್ರೆ ಮುಕ್ಕಾಗಿದೆ. ಗೊತ್ತಿರಲಿಲ್ವಾ?"

ಮುದುಕರು ಹಣೆಯ ಕನ್ನಡಕವನ್ನು ಕಣ್ಣಿಗಿಳಿಸಿದರು. "ಗೊತ್ತಿತ್ತು. ಹಳೇದರಲ್ಲಿ ನೋಡಿದ್ದೆ. ಅದೇ ಜಾಗಕ್ಕೆ ಉಳಿ ಇಟ್ಟುಕೊಂಡು ಒಂದು ಮಧ್ಯಾಹ್ನ ಪೂರ್ತಿ ಕೂತೆ. ನಾನೇ ಕೆತ್ತಿದ್ದಕ್ಕೆ ನಾನೇ ಪೆಟ್ಟು ಹಾಕೋಕೆ ಕೈ ಬರಲಿಲ್ಲ."

ರೇಡಿಯೋನ ಪೆನ್ನು ನಿಂತಿತು.

"ಯಾಕೆ ಮಾಡಿದ್ರಿ?"

"ನವೀಕರಣಕ್ಕೆ ಮೂವತ್ತು ಗಂಟೆ ತರಗತೀಲಿ ಕೂರಬೇಕು. ಮೂರು ಮಹಡಿ ಹತ್ತಬೇಕು. ಪರವಾನಗಿ ಹೋದ್ರೆ ಆ ಹುಡುಗಿ ಬೇರೆಯವರ ಹತ್ರ ಹೋಗಬೇಕು. ಸರ್, ಉಳಿದ ದಿನ ಅವಳು ರೋಗಿ. ನಾನು ಊಟ ಮಾಡಿಸ್ತೀನಿ, ತಲೆ ಬಾಚ್ತೀನಿ, ಔಷಧಿ ಕೊಡ್ತೀನಿ. ಗುರುವಾರ ಬೆಳಿಗ್ಗೆಯಿಂದ ನನ್ನ ಕೈಲಿ ತಲೆ ಬಾಚಿಸಿಕೊಳ್ಳಲ್ಲ. ಎಡಗೈಲಿ ತಾನೇ ಬಾಚ್ಕೋತಾಳೆ. ಸೊಟ್ಟ ಬಾಚ್ಕೋತಾಳೆ." ಅವರು ಗಡಿಯಾರ ನೋಡಿದರು. "ನಾಲ್ಕಕ್ಕೆ ಆ ಹುಡುಗಿ ಬರುತ್ತೆ. ಐದಕ್ಕೆ ಮುಗಿಯುತ್ತೆ. ಅಲ್ಲೀವರೆಗೂ..."

ಇನ್‌ಸ್ಪೆಕ್ಟರು ಹೊರಗೆ ಬಂದರು. ಮೂರೂ ಐವತ್ತಕ್ಕೆ ಗೇಟಿನ ಬಳಿ ಕೇಳಮ್ಮ ಬಸ್ಸಿಳಿದು ಬರುತ್ತಿದ್ದಳು. ಅವರು ಎಲ್ಲವನ್ನೂ ಹೇಳಿದರು: ಆಕೆಯ ಹೆಸರು ಆರೋಪಿ ಸ್ಥಾನದಿಂದ ತೆಗೆಯಲು ಇವತ್ತೇ ವರದಿ ಹೋಗುತ್ತದೆ, ಎಪ್ಪತ್ತೊಂದು ವಾರಗಳ ಎರಡು ಸಾವಿರದ ನೂರಾ ಮೂವತ್ತು ಗಂಟೆ ಉಳಿಯುತ್ತದೆ, ಪರವಾನಗಿ ಇಲ್ಲದ ಇಪ್ಪತ್ತೊಂಬತ್ತು ವಾರ, ಎಂಟುನೂರ ಎಪ್ಪತ್ತು ಗಂಟೆ, ಉಳಿಯುವುದಿಲ್ಲ. ಬೇರೆ ಮಾರ್ಗದರ್ಶಕರ ಬಳಿ ಮತ್ತೆ ಮಾಡಬೇಕು.

ಆಕೆ ಗೇಟಿನ ಸರಳು ಹಿಡಿದು ನಿಂತಳು. ಎಂಟುನೂರ ಎಪ್ಪತ್ತು ಗಂಟೆ ಮುಖದಲ್ಲಿ ಹಾದುಹೋದದ್ದು ಕಾಣಿಸಿತು.

"ಮೇಡಂಗೆ ಗೊತ್ತಾ?"

"ಇನ್ನೂ ಇಲ್ಲ. ನಾನು ಹೇಳಬೇಕು."

"ನೀವು ಬೇಡ ಸರ್. ಕೆಟ್ಟ ಸುದ್ದಿ ಹೇಳೋದು ನನ್ನ ಕೆಲಸ. ಅವರೇ ಕಲಿಸಿದ್ದು." ಆಕೆ ಕಿವಿಯ ಮೇಲಿನ ಪೆನ್ಸಿಲು ತೆಗೆದು ಚೀಲಕ್ಕೆ ಹಾಕಿಕೊಂಡಳು. ನೂರು ಸಹಿ ಮುಗಿದಿತ್ತು, ಪುಸ್ತಕ ಠಾಣೆಯಲ್ಲಿತ್ತು.

ಇನ್‌ಸ್ಪೆಕ್ಟರು ಹಿಂದಿನ ಕೋಣೆಗೆ ಮರಳಿ ರೇಡಿಯೋಗೆ ಹೇಳಿದರು: "ಪಂಚನಾಮೆ ಬರಿ. ಅಕ್ಷರ ಚೆನ್ನಾಗಿರಲಿ. ಅವಸರ ಇಲ್ಲ."

ಇಲಾಖೆಯಲ್ಲಿ ಕೋಳಿ ಕೆದಕಿದಂತೆ ಬರೆಯುವುದಕ್ಕೆ ಹೆಸರಾದ ರೇಡಿಯೋ ಅಂದು ಒಂದೊಂದು ಅಕ್ಷರವನ್ನೂ ದುಂಡಗೆ ಬರೆದ. ಉಳಿಗಳನ್ನು ಒಂದೊಂದಾಗಿ ಅಳೆದ. ಒಮ್ಮೆ ಅಳೆದದ್ದನ್ನು ಅನುಮಾನ ಬಂದು ಮತ್ತೆ ಅಳೆದ. ದರ್ಜಿ ತನ್ನ ಟೇಪನ್ನೇ ಕೊಟ್ಟ. ನಡುವಿನ ಬಾಗಿಲು ಅರ್ಧ ತೆರೆದಿತ್ತು.

"ಇವತ್ತು ಒಂದೇ ಕೇಸು ಮೇಡಂ," ಎಂಬ ಕೇಳಮ್ಮನ ದನಿ ಕೇಳಿಸಿತು. "ಗಂಡಸು. ಎಪ್ಪತ್ತೊಂದು ವರ್ಷ. ಹೆಂಡತಿಗೆ ಹುಷಾರಿಲ್ಲ."

"ಆಮೇಲೆ?"

"ಅವರ ಮಾತು ಹೋಯ್ತು. ಇವರು ಮನೆ ತುಂಬಾ ಮಾತು ಕೆತ್ತಿಟ್ಟರು."

ಹಿಂದಿನ ಕೋಣೆಯಲ್ಲಿ ಟೇಪು ನಿಂತಿತು. ಯಜಮಾನರು ತಮ್ಮ ಅಂಗೈ ನೋಡಿಕೊಂಡರು.

"ಆಮೇಲೆ?" ಈ ಸಲ ದನಿ ತಗ್ಗಿತ್ತು.

"ಆಮೇಲೆ ಒಂದು ತಪ್ಪು ಮಾಡಿದ್ರು ಮೇಡಂ. ಹೆಂಡತಿಯ ಒಂದು ಗಂಟೆ ಉಳೀಲಿ ಅಂತ."

ಆಕೆ ಹೇಳಿದಳು. ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಬಣ್ಣಿಸಲಿಲ್ಲ. ದೊಡ್ಡ ಮೇಡಂ ನಡುನಡುವೆ ಅದೊಂದೇ ಮಾತು ಕೇಳಿದರು, ಒಮ್ಮೆ ಗದರುವಂತೆ, ಒಮ್ಮೆ ಬೇಡುವಂತೆ. ಪಂಚನಾಮೆ ಐದು ಗಂಟೆ ಐದು ನಿಮಿಷಕ್ಕೆ ಮುಗಿಯಿತು. ದಸ್ತಗಿರಿಯ ಸಮಯವೂ ಅದೇ ಎಂದು ದಾಖಲಾಗಿದೆ.

ಊರುಗೋಲಿನ ಸದ್ದು ಬಾಗಿಲವರೆಗೆ ಬಂತು. ದೊಡ್ಡ ಮೇಡಂ ಹೊಸ್ತಿಲಲ್ಲಿ ನಿಂತರು, ಸೊಟ್ಟ ಬೈತಲೆ, ಒದ್ದೆ ಕಣ್ಣು. ಹಿತ್ತಾಳೆಯ ಅಚ್ಚನ್ನು ನೋಡಿದರು, ಗಂಡನನ್ನು ನೋಡಿದರು.

"ಪೆದ್ದ," ಎಂದರು.

ಊರುಗೋಲನ್ನು ಕೇಳಮ್ಮನ ಕೈಗೆ ಕೊಟ್ಟು, ಎಡಗೈಯಿಂದ ಗಂಡನ ಅಂಗಿಯ ಮೇಲಿನ ಗುಂಡಿ ಹಾಕತೊಡಗಿದರು. ಮೂರು ಸಲ ಜಾರಿತು. ಯಜಮಾನರು ಸಹಾಯಕ್ಕೆ ಕೈ ಎತ್ತಲಿಲ್ಲ. ನಾಲ್ಕನೇ ಸಲ ಗುಂಡಿ ಕೂತಿತು. ಆಗ ದೊಡ್ಡ ಮೇಡಂ ಇನ್‌ಸ್ಪೆಕ್ಟರ ಕಡೆ ತಿರುಗಿದರು.

"ಆಮೇಲೆ?"

ಮಾತು ಕಮ್ಮಿಯ ಮನುಷ್ಯ ಅಂದು ಉದ್ದಕ್ಕೆ ಮಾತಾಡಿದರು. ಠಾಣೆಯಲ್ಲಿ ಹೇಳಿಕೆ ಆಗುತ್ತದೆ. ಔಷಧಿ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಅದಕ್ಕೆ ತಾವು ಹೊಣೆ. ನಾಳೆ ಹನ್ನೊಂದಕ್ಕೆ ನ್ಯಾಯಾಧೀಶರ ಮುಂದೆ. ವಯಸ್ಸು, ಮನೆ ಪರಿಸ್ಥಿತಿ ಎಲ್ಲ ತಾವೇ ಬರೆದು ಕೊಡುತ್ತಾರೆ. ಜಾಮೀನು ಸಿಗಬಹುದು, ಸಿಗುತ್ತದೆಂದು ಮಾತು ಕೊಡಲಾರರು. ಕೇಸು ನಡೆಯುತ್ತದೆ, ಶಿಕ್ಷೆ ಆಗಲೂಬಹುದು. ಕೇಳಮ್ಮ, "ಇವತ್ತು ನಾನಿರ್ತೀನಿ," ಎಂದಳು. ದರ್ಜಿ, ನಾಳೆ ತಾನು ಎಂದ. ಪೋಸ್ಟ್‌ಮ್ಯಾನ್, ಜಾಮೀನಿಗೆ ತನ್ನ ಸಹಿ ಎಂದ. "ಅಂಚೆಯಲ್ಲಿ ಬಂದಿಲ್ಲ ಅಂತ ನಂಗೆ ಅವತ್ತೇ ಗೊತ್ತು. ಬೀದಿಯ ಒಂದೊಂದು ಕಾಗದವೂ ನಂಗೆ ಗೊತ್ತು," ಎಂದು ಯಾರೂ ಕೇಳದೆ ಹೇಳಿದ.

*

ಶುಕ್ರವಾರ ಜಾಮೀನು ಸಿಕ್ಕ ಹೊತ್ತಿಗೆ ಮಂಡಳಿಯ ಸಭೆಯೂ ಮುಗಿದಿತ್ತು. ಕೇಳಮ್ಮನ ಅರ್ಜಿ ವಜಾ ಆಗಲಿಲ್ಲ. ಎಂಟುನೂರ ಎಪ್ಪತ್ತು ಗಂಟೆ ಬಾಕಿ ಎಂದು ತೀರ್ಮಾನವಾಯಿತು. ಹೊಸ ಮಾರ್ಗದರ್ಶಕರು ಎರಡು ಬಸ್ಸು ಬದಲಿಸುವಷ್ಟು ದೂರ, ಮಂಗಳವಾರಗಳಂದು. ತೀರ್ಮಾನದ ಪ್ರತಿಯನ್ನು ಠಾಣೆಗೆ ತಂದ ರಿಜಿಸ್ಟ್ರಾರ್, ಮುಕ್ಕಾದ ಮುದ್ರೆಯನ್ನು ಬದಲಿಸಬೇಕೆಂದೂ, ಊರಲ್ಲಿ ಅಂಥದನ್ನು ಕೆತ್ತಬಲ್ಲವರು ಒಬ್ಬರೇ ಎಂದೂ ಹೇಳುತ್ತಿದ್ದವರು, ಆ ಒಬ್ಬರು ಯಾರೆಂದು ನೆನಪಾಗಿ ಮಾತು ನಿಲ್ಲಿಸಿದರು. ಅಂದು ಕುರ್ಚಿ ಒರೆಸಲಿಲ್ಲ. ರೇಡಿಯೋ ಅವರನ್ನು ಪ್ರಸಾರವೂ ಮಾಡಲಿಲ್ಲ.

ಮುಂದಿನ ವಾರ ಅಂತಿಮ ವರದಿ ಬರೆಯಲು ಕೂತರು.

"ಉದ್ದೇಶ ಅಂತ ಕಾಲಂ ಇದೆ ಸರ್. ಏನು ಬರೀಲಿ? ಲಾಭ?"

"ಅಲ್ಲ."

"ಮತ್ತೆ?"

ಇನ್‌ಸ್ಪೆಕ್ಟರು ಯೋಚಿಸಿ ಹೇಳಿಬರೆಸಿದರು: "ಆರೋಪಿಯ ಹೆಂಡತಿ ವಾರದಲ್ಲಿ ಒಂದು ಗಂಟೆ ಮಾತ್ರ ಇನ್ನೊಬ್ಬರಿಗೆ ಬೇಕಾದವರಾಗಿ ಇರುತ್ತಿದ್ದರು. ಆ ಗಂಟೆ ನಿಲ್ಲಬಾರದೆಂದು."

ರೇಡಿಯೋ ಬರೆದುಕೊಂಡು ಗೋಡೆಯ ಗಡಿಯಾರ ನೋಡಿದ. ಗುರುವಾರ, ನಾಲ್ಕು ಗಂಟೆ ಹತ್ತು ನಿಮಿಷ.

"ಬರುವಾಗ ನೋಡಿದೆ ಸರ್. ಕೇಳಮ್ಮ ಆ ಬೀದೀಲಿ ಬಸ್ಸು ಇಳೀತಿದ್ರು. ಇನ್ನು ಆ ಗಂಟೆ ಯಾವ ಲೆಕ್ಕಕ್ಕೂ ಬರಲ್ವಲ್ಲ?"

"ಬರಲ್ಲ," ಎಂದರು ಇನ್‌ಸ್ಪೆಕ್ಟರು. ಜಪ್ತಿ ಮಾಲಿನ ವಹಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಹಿತ್ತಾಳೆ ಉಬ್ಬು ಮುದ್ರೆ, ಒಂದು ಎಂದು ಬರೆದರು. ಪಕ್ಕದಲ್ಲಿ 'ಸ್ಥಿತಿ' ಎಂಬ ಕಾಲಂ. ಅಚ್ಚನ್ನು ಬೆಳಕಿಗೆ ಹಿಡಿದು, ಅಂಚಿನ ಸುತ್ತ ಒಮ್ಮೆ ಹೆಬ್ಬೆರಳು ಓಡಿಸಿ, 'ಪೆಟ್ಟಿಲ್ಲ' ಎಂದು ಬರೆದು ಸಹಿ ಹಾಕಿದರು.